ಭಯೋತ್ಪಾದನೆ ನಿಗ್ರಹ ಮತ್ತು ಮಾನವ ಹಕ್ಕುಗಳು: ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿ ಹಾಗೂ ಬಾಧಿತರಿಗೆ ಇರುವ ಪರಿಹಾರ
(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಭಯೋತ್ಪಾದನೆಯಿಂದ ಪ್ರಜೆಗಳ ಜೀವವನ್ನು ರಕ್ಷಿಸುವುದು ಪ್ರತಿಯೊಂದು ಸರ್ಕಾರದ ಕರ್ತವ್ಯ. ಆದರೆ ಈ ಕರ್ತವ್ಯವನ್ನು ನಿರ್ವಹಿಸುವಾಗ ನಿರಪರಾಧಿಯೊಬ್ಬನ ಬ್ಯಾಂಕ್ ಖಾತೆ ಸ್ಥಗಿತಗೊಂಡರೆ, ಆತನು ಯಾರ ಬಳಿ ಹೋಗಬೇಕು? ಯಾವ ಕಾರಣಕ್ಕಾಗಿ ಹೀಗಾಯಿತೆಂದು ಕೇಳುವ ಹಕ್ಕು ಆತನಿಗೆ ಇದೆಯೇ? ಈ ಪ್ರಶ್ನೆಗಳಿಗೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಉತ್ತರ ದೊರೆಯಲು ಸುಮಾರು ಹತ್ತು ವರ್ಷಗಳೇ ಬೇಕಾದವು. ಆ ಬೆಳವಣಿಗೆಯನ್ನೂ, ಇಂದು ಲಭ್ಯವಿರುವ ಪರಿಹಾರ ಕ್ರಮಗಳನ್ನೂ ನಾಗರಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ನಿರ್ಬಂಧ ಪಟ್ಟಿ ಎಂದರೇನು?

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 1999ರ ಅಕ್ಟೋಬರ್ 15ರಂದು 1267ನೇ ನಿರ್ಣಯವನ್ನು ಅಂಗೀಕರಿಸಿ ತಾಲಿಬಾನ್ ಮೇಲೆ ನಿರ್ಬಂಧಗಳನ್ನು ವಿಧಿಸಿತು. 2000ನೇ ಇಸವಿಯಲ್ಲಿ ಅಲ್ ಖೈದಾ ಸಹ ಇದರ ವ್ಯಾಪ್ತಿಗೆ ಒಳಪಟ್ಟಿತು. 2011ರಲ್ಲಿ ತಾಲಿಬಾನ್‌ಗೆ ಸಂಬಂಧಿಸಿದ ಹೆಸರುಗಳನ್ನು ಪ್ರತ್ಯೇಕ ಪಟ್ಟಿಗೆ ವರ್ಗಾಯಿಸಲಾಯಿತು. 2015ರಲ್ಲಿ ಐಸಿಸ್ ಸಂಘಟನೆಯನ್ನೂ ಸೇರಿಸಿಕೊಂಡು ಮೂಲ ಪಟ್ಟಿಗೆ ಈಗಿನ ಸ್ವರೂಪ ನೀಡಲಾಯಿತು.

ಪಟ್ಟಿಯನ್ನು ಭದ್ರತಾ ಮಂಡಳಿಯ ಹದಿನೈದೂ ಸದಸ್ಯ ರಾಷ್ಟ್ರಗಳನ್ನೊಳಗೊಂಡ ಸಮಿತಿಯು ನಿರ್ವಹಿಸುತ್ತದೆ. ಪಟ್ಟಿಯಲ್ಲಿ ಹೆಸರು ಸೇರಿದವರಿಗೆ ಮೂರು ಬಗೆಯ ನಿರ್ಬಂಧಗಳು ಅನ್ವಯವಾಗುತ್ತವೆ:

(ಅ) ಹಣ ಹಾಗೂ ಸ್ವತ್ತುಗಳ ಸ್ಥಗಿತ;
(ಆ) ಇತರ ರಾಷ್ಟ್ರಗಳ ಪ್ರವೇಶಕ್ಕೂ, ಅವುಗಳ ಮೂಲಕ ಪ್ರಯಾಣಕ್ಕೂ ತಡೆ;
(ಇ) ಶಸ್ತ್ರಾಸ್ತ್ರಗಳ ಪೂರೈಕೆಗೆ ನಿಷೇಧ.

ಇದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆಯ ಕ್ರಮ ಎಂಬುದು ಮಂಡಳಿಯ ನಿಲುವು. ಆದುದರಿಂದ ಹೆಸರು ಸೇರಿಸಲು ನ್ಯಾಯಾಲಯದ ತೀರ್ಪಿನ ಅಗತ್ಯವಿಲ್ಲ. ಸದಸ್ಯ ರಾಷ್ಟ್ರವೊಂದರ ಪ್ರಸ್ತಾವನೆ ಹಾಗೂ ಸಮಿತಿಯ ಒಮ್ಮತ ಸಾಕಾಗುತ್ತದೆ. ಆದರೆ ಸ್ಥಗಿತಕ್ಕೆ ಅವಧಿಯ ಮಿತಿ ಇರುವುದಿಲ್ಲ. ಮುನ್ನೆಚ್ಚರಿಕೆ ಎನ್ನಲಾದ ಕ್ರಮವು ಹತ್ತು ವರ್ಷ ಮುಂದುವರಿದರೆ, ಬಾಧಿತನ ಪಾಲಿಗೆ ಅದಕ್ಕೂ ಶಿಕ್ಷೆಗೂ ವ್ಯತ್ಯಾಸ ಉಳಿಯುವುದಿಲ್ಲ.

2. ಆರಂಭದ ಕೊರತೆಗಳು

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಪಟ್ಟಿಗೆ ಅಲ್ಪಾವಧಿಯಲ್ಲಿಯೇ ಅನೇಕ ಹೆಸರುಗಳು ಸೇರ್ಪಡೆಯಾದವು. ಆ ದಿನಗಳಲ್ಲಿ ಹೆಸರು ಸೇರಿದವರಿಗೆ ಕಾರಣ ತಿಳಿಸುವ ವ್ಯವಸ್ಥೆಯಾಗಲಿ, ಅವರು ಸ್ವತಃ ಅರ್ಜಿ ಸಲ್ಲಿಸುವ ಅವಕಾಶವಾಗಲಿ ಇರಲಿಲ್ಲ. ತಮ್ಮ ದೇಶದ ಸರ್ಕಾರವು ತಮ್ಮ ಪರವಾಗಿ ಸಮಿತಿಯ ಮುಂದೆ ಮನವಿ ಮಾಡಬೇಕಾಗಿತ್ತು. ಮೂರು ಪ್ರಕರಣಗಳನ್ನು ಇಲ್ಲಿ ಗಮನಿಸಬಹುದು.

ಸ್ವೀಡನ್: 2001ರ ನವೆಂಬರ್‌ನಲ್ಲಿ ಸೊಮಾಲಿಯಾ ಮೂಲದ ಮೂವರು ಸ್ವೀಡನ್ ಪ್ರಜೆಗಳ ಹೆಸರು ಪಟ್ಟಿಗೆ ಸೇರಿತು. ಇವರು ಅಲ್ ಬರಕಾತ್ ಎಂಬ ಹಣ ರವಾನೆ ಜಾಲದೊಂದಿಗೆ ಸಂಬಂಧ ಹೊಂದಿದ್ದರು. ವಿದೇಶದಲ್ಲಿ ದುಡಿಯುವ ಸೊಮಾಲಿಯನ್ನರು ಊರಿನ ಕುಟುಂಬಗಳಿಗೆ ಹಣ ಕಳುಹಿಸಲು ಈ ಜಾಲವನ್ನು ಅವಲಂಬಿಸಿದ್ದರು. ಸ್ವೀಡನ್‌ನ ಸಾರ್ವಜನಿಕರು ಚಂದಾ ಎತ್ತಿ ಬಾಧಿತರಿಗೆ ನೆರವಾದರು. ಸರ್ಕಾರವೂ ಸಮಿತಿಯ ಮುಂದೆ ವಿಷಯವನ್ನು ಎತ್ತಿತು. 2002ರ ಆಗಸ್ಟ್‌ನಲ್ಲಿ ಇಬ್ಬರ ಹೆಸರನ್ನು ತೆಗೆಯಲಾಯಿತು.

ಸ್ವಿಟ್ಜರ್ಲೆಂಡ್: ಸ್ವಿಸ್ ಭೂಪ್ರದೇಶದಿಂದ ಸಂಪೂರ್ಣ ಸುತ್ತುವರಿದ, ಸುಮಾರು 1.6 ಚದರ ಕಿಲೋಮೀಟರ್ ವಿಸ್ತೀರ್ಣದ ಕಾಂಪಿಯೋನೆ ಎಂಬ ಇಟಲಿಯ ಊರಿನಲ್ಲಿ ವಾಸವಾಗಿದ್ದ ವೃದ್ಧರೊಬ್ಬರು ಪ್ರಯಾಣ ನಿರ್ಬಂಧದಿಂದಾಗಿ ವರ್ಷಗಟ್ಟಲೆ ಊರು ಬಿಟ್ಟು ಹೊರಹೋಗಲಾಗಲಿಲ್ಲ. ಸ್ವಿಸ್ ತನಿಖಾಧಿಕಾರಿಗಳು 2005ರಲ್ಲಿ ತನಿಖೆಯನ್ನು ಮುಕ್ತಾಯಗೊಳಿಸಿದರೂ ಅವರ ಹೆಸರು ಪಟ್ಟಿಯಿಂದ ಹೊರಬಂದದ್ದು 2009ರ ಸೆಪ್ಟೆಂಬರ್‌ನಲ್ಲಿ. ಅವರ ಖಾಸಗಿ ಹಾಗೂ ಕುಟುಂಬ ಜೀವನದ ಹಕ್ಕು ಮತ್ತು ಪರಿಣಾಮಕಾರಿ ಪರಿಹಾರ ಪಡೆಯುವ ಹಕ್ಕು ಉಲ್ಲಂಘನೆಯಾಗಿದೆಯೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2012ರ ಸೆಪ್ಟೆಂಬರ್ 12ರಂದು ತೀರ್ಪು ನೀಡಿತು.

ಕಾದಿ ಪ್ರಕರಣ: ಸೌದಿ ಅರೇಬಿಯಾದ ಉದ್ಯಮಿಯೊಬ್ಬರ ಹೆಸರು 2001ರ ಅಕ್ಟೋಬರ್‌ನಲ್ಲಿ ಪಟ್ಟಿಗೆ ಸೇರಿ, ಯುರೋಪಿನಲ್ಲಿದ್ದ ಅವರ ಸ್ವತ್ತುಗಳು ಸ್ಥಗಿತಗೊಂಡವು. 2008ರ ಸೆಪ್ಟೆಂಬರ್ 3ರಂದು ಯುರೋಪಿಯನ್ ಒಕ್ಕೂಟದ ಉನ್ನತ ನ್ಯಾಯಾಲಯವು ಅವರಿಗೆ ಸಂಬಂಧಿಸಿದಂತೆ ಒಕ್ಕೂಟದ ನಿಯಮಾವಳಿಯನ್ನು ರದ್ದುಪಡಿಸಿತು. ಆರೋಪವೇನೆಂದು ತಿಳಿಸದೆ, ಅಹವಾಲನ್ನು ಆಲಿಸದೆ ಸ್ವತ್ತನ್ನು ಸ್ಥಗಿತಗೊಳಿಸುವುದು ಮೂಲಭೂತ ಹಕ್ಕುಗಳಿಗೆ ವಿರುದ್ಧ. ಭದ್ರತಾ ಮಂಡಳಿಯ ನಿರ್ಣಯವನ್ನು ಜಾರಿಗೊಳಿಸುವ ಕ್ರಮವೂ ಈ ಪರಿಶೀಲನೆಯಿಂದ ಹೊರತಲ್ಲ ಎಂಬುದು ತೀರ್ಪಿನ ಸಾರಾಂಶ.

ನ್ಯಾಯಾಲಯಗಳು ಪಟ್ಟಿಯ ಜಾರಿಯನ್ನೇ ತಡೆಹಿಡಿದಲ್ಲಿ ಭಯೋತ್ಪಾದನೆ ನಿಗ್ರಹದ ಕಾರ್ಯವೇ ದುರ್ಬಲವಾಗುವ ಸಂಭವವಿತ್ತು. ಹಕ್ಕುಗಳ ರಕ್ಷಣೆಯು ಈ ಕಾರ್ಯಕ್ಕೆ ಅಡ್ಡಿಯಲ್ಲ, ಅದು ನಿಲ್ಲುವ ಆಧಾರ ಎಂಬುದು ಇದರಿಂದ ಸ್ಪಷ್ಟವಾಯಿತು.

3. ಹಂತಹಂತವಾದ ಸುಧಾರಣೆಗಳು

(1) 2002ರ ಡಿಸೆಂಬರ್: ಆಹಾರ, ಮನೆ ಬಾಡಿಗೆ, ಔಷಧ, ತೆರಿಗೆ, ವಿಮೆ, ವಕೀಲರ ಶುಲ್ಕ ಮುಂತಾದ ಮೂಲಭೂತ ವೆಚ್ಚಗಳಿಗಾಗಿ ಸ್ಥಗಿತಗೊಂಡ ಹಣವನ್ನು ಬಳಸಲು ವಿನಾಯಿತಿ (1452ನೇ ನಿರ್ಣಯ).

(2) 2003ರ ಜನವರಿ: ಭಯೋತ್ಪಾದನೆ ವಿರುದ್ಧದ ಕ್ರಮಗಳು ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನಿಗೆ ಅನುಗುಣವಾಗಿರಬೇಕೆಂಬ ಘೋಷಣೆ (1456ನೇ ನಿರ್ಣಯ).

(3) 2006ರ ಡಿಸೆಂಬರ್: ಬಾಧಿತರು ನೇರವಾಗಿ ಅರ್ಜಿ ಸಲ್ಲಿಸಲು ಫೋಕಲ್ ಪಾಯಿಂಟ್ ಎಂಬ ಸಂಪರ್ಕ ಘಟಕದ ಸ್ಥಾಪನೆ (1730ನೇ ನಿರ್ಣಯ). ಆರಂಭದಲ್ಲಿ ಈ ಘಟಕವು ಅರ್ಜಿಯನ್ನು ಸಂಬಂಧಿತ ರಾಷ್ಟ್ರಗಳಿಗೆ ರವಾನಿಸುತ್ತಿತ್ತೇ ಹೊರತು ವಿಚಾರಣೆ ನಡೆಸುತ್ತಿರಲಿಲ್ಲ.

(4) 2008: ಪ್ರತಿಯೊಂದು ಹೆಸರಿನ ಸೇರ್ಪಡೆಗೆ ಕಾರಣಗಳ ಸಂಕ್ಷಿಪ್ತ ವಿವರಣೆಯನ್ನು ಪ್ರಕಟಿಸುವ ವ್ಯವಸ್ಥೆ (1822ನೇ ನಿರ್ಣಯ).

(5) 2009ರ ಡಿಸೆಂಬರ್ 17: ಸ್ವತಂತ್ರ ಹಾಗೂ ನಿಷ್ಪಕ್ಷಪಾತ ಓಂಬುಡ್ಸ್‌ಪರ್ಸನ್ ಹುದ್ದೆಯ ಸೃಷ್ಟಿ (1904ನೇ ನಿರ್ಣಯ). ಕೆನಡಾದ ಕಿಂಬರ್ಲಿ ಪ್ರೋಸ್ಟ್ ಅವರು 2010ರಲ್ಲಿ ಪ್ರಥಮ ಓಂಬುಡ್ಸ್‌ಪರ್ಸನ್ ಆಗಿ ನೇಮಕಗೊಂಡರು.

ಕಾದಿ ಪ್ರಕರಣದ ಅರ್ಜಿದಾರರ ಹೆಸರನ್ನು ಈ ವ್ಯವಸ್ಥೆಯ ಮೂಲಕವೇ 2012ರ ಅಕ್ಟೋಬರ್‌ನಲ್ಲಿ ಪಟ್ಟಿಯಿಂದ ತೆಗೆಯಲಾಯಿತು.

4. ಓಂಬುಡ್ಸ್‌ಪರ್ಸನ್ ಮುಂದಿನ ಅರ್ಜಿಯ ವಿಧಾನ

ಹೆಸರು ಪಟ್ಟಿಯಲ್ಲಿರುವ ವ್ಯಕ್ತಿ ಅಥವಾ ಸಂಸ್ಥೆಯು ಲಿಖಿತ ಅರ್ಜಿಯನ್ನು ಸಲ್ಲಿಸಬಹುದು. ಇದಕ್ಕೆ ಶುಲ್ಕವಿರುವುದಿಲ್ಲ, ವಕೀಲರ ಮೂಲಕವೇ ಸಲ್ಲಿಸಬೇಕೆಂಬ ನಿಯಮವೂ ಇಲ್ಲ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ನಾಲ್ಕು ತಿಂಗಳು ರಾಷ್ಟ್ರಗಳಿಂದ ಮಾಹಿತಿಯನ್ನು ಸಂಗ್ರಹಿಸಲಾಗುತ್ತದೆ. ಎರಡನೆಯ ಹಂತದಲ್ಲಿ ಸುಮಾರು ಎರಡು ತಿಂಗಳು ಅರ್ಜಿದಾರರೊಂದಿಗೆ ಸಂವಾದ ನಡೆಯುತ್ತದೆ. ಈ ಅವಧಿಗಳನ್ನು ವಿಸ್ತರಿಸಲು ಅವಕಾಶವಿದೆ. ಹೆಸರನ್ನು ಉಳಿಸಿಕೊಳ್ಳಲು ಇಂದಿನ ಸ್ಥಿತಿಯಲ್ಲಿ ಸಮಂಜಸ ಹಾಗೂ ನಂಬಲರ್ಹ ಆಧಾರವಿದೆಯೇ ಎಂಬುದನ್ನು ಪರಿಶೀಲಿಸಿ ಸಮಿತಿಗೆ ವರದಿ ಸಲ್ಲಿಸಲಾಗುತ್ತದೆ.

ಹೆಸರು ತೆಗೆಯುವಂತೆ ಶಿಫಾರಸು ಮಾಡಿದಲ್ಲಿ, ಸಮಿತಿಯು ಪರಿಶೀಲನೆ ಮುಗಿಸಿದ 60 ದಿನಗಳ ನಂತರ ನಿರ್ಬಂಧವು ತಾನಾಗಿ ಕೊನೆಗೊಳ್ಳುತ್ತದೆ. ಹದಿನೈದೂ ಸದಸ್ಯರು ಒಮ್ಮತದಿಂದ ವಿರೋಧಿಸಿದಲ್ಲಿ ಅಥವಾ ಸದಸ್ಯ ರಾಷ್ಟ್ರವೊಂದು ವಿಷಯವನ್ನು ಭದ್ರತಾ ಮಂಡಳಿಗೆ ಒಪ್ಪಿಸಿದಲ್ಲಿ ಮಾತ್ರ ಇದಕ್ಕೆ ಹೊರತು. 2011ಕ್ಕೆ ಮುಂಚೆ ಹೆಸರು ತೆಗೆಯಲು ಎಲ್ಲರ ಒಪ್ಪಿಗೆ ಅಗತ್ಯವಿತ್ತು. ಈಗ ಉಳಿಸಿಕೊಳ್ಳಲು ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಈ ವ್ಯತ್ಯಾಸವು ಚಿಕ್ಕದಾಗಿ ಕಂಡರೂ ಅರ್ಜಿದಾರರ ದೃಷ್ಟಿಯಿಂದ ಅತ್ಯಂತ ಮಹತ್ವದ್ದು.

5. ಭಾರತದಲ್ಲಿ ಜಾರಿ: ಹೆಸರಿನ ಸಾಮ್ಯದಿಂದ ತೊಂದರೆಯಾದಲ್ಲಿ

ನಮ್ಮ ದೇಶದಲ್ಲಿ ಈ ಪಟ್ಟಿಯು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಅಧಿನಿಯಮ, 1967ರ 51ಎ ಪ್ರಕರಣದ ಮೇರೆಗೆ ಜಾರಿಯಾಗುತ್ತದೆ. ಸದರಿ ಪ್ರಕರಣವನ್ನು 2008ರಲ್ಲಿ ಸೇರಿಸಲಾಗಿದ್ದು, ಅನುಸರಿಸಬೇಕಾದ ಕ್ರಮವನ್ನು ಕೇಂದ್ರ ಗೃಹ ಮಂತ್ರಾಲಯವು 2009ರಲ್ಲಿ ಹೊರಡಿಸಿದ ಆದೇಶದಲ್ಲಿಯೂ, ಅದನ್ನು ಪರಿಷ್ಕರಿಸಿ 2021ರ ಫೆಬ್ರವರಿ 2ರಂದು ಹೊರಡಿಸಿದ ಆದೇಶದಲ್ಲಿಯೂ ನಿಗದಿಪಡಿಸಿದೆ. ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಷೇರು ವಹಿವಾಟು ಸಂಸ್ಥೆಗಳು ಹಾಗೂ ಸ್ಥಿರಾಸ್ತಿ ನೋಂದಣಿ ಕಚೇರಿಗಳು ಇದರ ವ್ಯಾಪ್ತಿಗೆ ಬರುತ್ತವೆ.

ಪಟ್ಟಿಯಲ್ಲಿನ ಹೆಸರುಗಳು ಅನ್ಯ ಲಿಪಿಗಳಿಂದ ಲಿಪ್ಯಂತರಗೊಂಡಿದ್ದು, ಒಂದೇ ಹೆಸರಿಗೆ ಹಲವು ಕಾಗುಣಿತಗಳಿರುವುದು ಸಾಮಾನ್ಯ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಕರಾವಳಿಯ ಮನೆಗಳಿಗೆ ಹಣ ಕಳುಹಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂತಹವರಲ್ಲಿ ಯಾರದಾದರೂ ಹೆಸರು ಪಟ್ಟಿಯ ಹೆಸರನ್ನು ಹೋಲುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಹೆಸರು ಹೋಲುವುದೊಂದೇ ಅಪರಾಧವಲ್ಲ. ಪ್ರಮಾದದಿಂದ ಖಾತೆ ಅಥವಾ ಸ್ವತ್ತು ಸ್ಥಗಿತಗೊಂಡವರು ಈ ಕೆಳಕಂಡಂತೆ ಕ್ರಮ ಕೈಗೊಳ್ಳಬಹುದು:

(ಅ) ಸಂಬಂಧಿಸಿದ ಬ್ಯಾಂಕ್ ಅಥವಾ ಕಚೇರಿಗೆ ಸಾಕ್ಷ್ಯಾಧಾರಗಳೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಪಟ್ಟಿಯ ನಮೂದುಗಳಲ್ಲಿ ಲಭ್ಯವಿರುವ ಮಟ್ಟಿಗೆ ಜನ್ಮ ದಿನಾಂಕ, ಜನ್ಮ ಸ್ಥಳ, ರಾಷ್ಟ್ರೀಯತೆ ಹಾಗೂ ಪಾಸ್‌ಪೋರ್ಟ್ ಸಂಖ್ಯೆ ಇರುವುದರಿಂದ, ತಮ್ಮ ವಿವರಗಳು ಭಿನ್ನವೆಂದು ತೋರಿಸುವ ದಾಖಲೆಗಳನ್ನು ಲಗತ್ತಿಸುವುದು ಸೂಕ್ತ.

(ಆ) ಅರ್ಜಿ ಸ್ವೀಕರಿಸಿದ ಸಂಸ್ಥೆಯು ಅದರ ಪ್ರತಿಯನ್ನು, ಸ್ಥಗಿತಗೊಂಡ ಸ್ವತ್ತಿನ ವಿವರಗಳೊಂದಿಗೆ, ಎರಡು ಕೆಲಸದ ದಿನಗಳೊಳಗೆ ಕೇಂದ್ರ ಗೃಹ ಮಂತ್ರಾಲಯದ ನೋಡಲ್ ಅಧಿಕಾರಿಗೆ ಕಳುಹಿಸತಕ್ಕದ್ದು.

(ಇ) ನೋಡಲ್ ಅಧಿಕಾರಿಯು ಪರಿಶೀಲಿಸಿ, ಮನವರಿಕೆಯಾದಲ್ಲಿ ಸ್ಥಗಿತವನ್ನು ತೆರವುಗೊಳಿಸಿ ಆದೇಶ ಹೊರಡಿಸುತ್ತಾರೆ.

6. ಇನ್ನೂ ಉಳಿದಿರುವ ಕೊರತೆ

ಓಂಬುಡ್ಸ್‌ಪರ್ಸನ್ ವ್ಯವಸ್ಥೆಯು ಐಸಿಸ್ ಹಾಗೂ ಅಲ್ ಖೈದಾ ಪಟ್ಟಿಗೆ ಮಾತ್ರ ಅನ್ವಯಿಸುತ್ತದೆ. ತಾಲಿಬಾನ್ ಪಟ್ಟಿಯಲ್ಲಿರುವವರು ಈಗಲೂ ಫೋಕಲ್ ಪಾಯಿಂಟ್ ಘಟಕವನ್ನೇ ಅವಲಂಬಿಸಬೇಕಾಗಿದೆ. ಓಂಬುಡ್ಸ್‌ಪರ್ಸನ್ ನ್ಯಾಯಾಲಯವಲ್ಲ; ರಾಷ್ಟ್ರಗಳು ಗೌಪ್ಯ ಮಾಹಿತಿಯನ್ನು ನೀಡಲೇಬೇಕೆಂಬ ಕಡ್ಡಾಯವೂ ಇಲ್ಲ. ಆದಾಗ್ಯೂ, ಕಾರಣ ತಿಳಿಯುವುದು, ಉತ್ತರ ನೀಡುವುದು, ಸ್ವತಂತ್ರ ವ್ಯಕ್ತಿಯೊಬ್ಬರಿಂದ ಪರಿಶೀಲನೆ ಪಡೆಯುವುದು ಎಂಬ ಮೂರು ಅಂಶಗಳು ಇಂದು ಈ ಪಟ್ಟಿಯ ಕಾರ್ಯವಿಧಾನದ ಭಾಗವಾಗಿವೆ. ಯಾವುದೇ ಕಚೇರಿಯಲ್ಲಿ ಅರ್ಜಿ ಸಲ್ಲಿಸುವ ಸಾಮಾನ್ಯ ನಾಗರಿಕನು ನಿರೀಕ್ಷಿಸುವುದೂ ಇವುಗಳನ್ನೇ.

ಸೂಚನೆ: ಈ ಲೇಖನವು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಯಾವುದೇ ಸಂದೇಹವಿದ್ದಲ್ಲಿ ಅಧಿನಿಯಮ ಹಾಗೂ ಆದೇಶಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.