ಹಿಂದಿನ ಸೀಟಿನ ಸಂಕಟ

ಹಂಪ್ ದಾಟಿದೊಡನೆ "ಅಯ್ಯೋ, ನಿಧಾನ ಕಣ್ರೀ!" ಎಂಬ ಕೂಗು ಏಳುವುದು ಹಿಂದಿನ ಸೀಟಿನಿಂದಲೇ. ಬೈಕ್ ಓಡಿಸುವವನಿಗೆ ಅಷ್ಟೇನೂ ಅನ್ನಿಸಿರುವುದಿಲ್ಲ. ಹಿಂದೆ ಕೂತವರದು ನಾಜೂಕು ಮೈ ಎಂದು ನಗಬೇಡಿ. ಇದು ಬರೀ ರೇಖಾಗಣಿತ.

ನಮ್ಮ ನೂರು ಸಿಸಿ ಬೈಕುಗಳ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್. ಓಡಿಸುವವನು ಕೂರುವುದು ಹೆಚ್ಚುಕಡಿಮೆ ಆ ಎರಡರ ನಡುವೆ. ಹಿಂಬದಿ ಸವಾರರು ಕೂರುವುದು ಹಿಂದಿನ ಚಕ್ರದ ಅಚ್ಚಿನ ನೆತ್ತಿಯ ಮೇಲೆ. ಬೈಕಿನ ಹಿಂಭಾಗ 10 ಸೆಂ.ಮೀ. ಎಗರಿದರೆ ನಡುವೆ ಕೂತವನು ಏಳುವುದು ಐದಾರು ಸೆಂ.ಮೀ., ಹಿಂದಿನವರು ಪೂರ್ತಿ ಹತ್ತು. ಮೇಲಾಗಿ ಓಡಿಸುವವನಿಗೆ ಗುಂಡಿ ಮೊದಲೇ ಕಾಣುತ್ತದೆ, ಕೈಗೆ ಹ್ಯಾಂಡಲ್ ಇದೆ, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೊಂಟ ಎತ್ತಿಕೊಳ್ಳಬಹುದು. ಹಿಂದಿನವರಿಗೆ ಕಾಣುವುದು ಒಂದು ಹೆಲ್ಮೆಟ್ ಮಾತ್ರ. ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದರಂತೂ ಪೆಟ್ಟು ನೇರ ಬೆನ್ನುಮೂಳೆಗೆ.

ಪರಿಹಾರಕ್ಕೆಂದು ಗ್ಯಾರೇಜಿಗೆ ಹೋದವರು ಸಾಮಾನ್ಯವಾಗಿ ಕೇಳುವುದು, "ಹಿಂದಿನ ಶಾಕ್ ಸ್ವಲ್ಪ ಮೆತ್ತಗೆ ಮಾಡಿಕೊಡಿ" ಎಂದು. ಮೆಕ್ಯಾನಿಕ್ ಸ್ಪ್ರಿಂಗ್ ಕೆಳಗಿನ ಬಳೆಯನ್ನು ತಿರುಗಿಸಿ ಕಡಿಮೆ ಸ್ಟೆಪ್ಪಿಗೆ ಇಳಿಸಿ ಕಳಿಸುತ್ತಾನೆ. ಇಬ್ಬರು ಕೂರುವ ಬೈಕಿಗೆ ಮಾಡಬೇಕಾದ್ದು ಸರಿಯಾಗಿ ಇದರ ಉಲ್ಟಾ.

ಏಕೆಂದರೆ ಆ ಬಳೆ ಸ್ಪ್ರಿಂಗಿನ ಗಡಸುತನವನ್ನು ಬದಲಿಸುವುದೇ ಇಲ್ಲ. ಒಂದೇ ಸಮ ಸುತ್ತಿದ ಸ್ಪ್ರಿಂಗ್ ಯಾವ ಸ್ಟೆಪ್ಪಿನಲ್ಲಿದ್ದರೂ ಪ್ರತಿ ಮಿಲಿಮೀಟರ್ ಕುಗ್ಗಲು ಅಷ್ಟೇ ಭಾರ ಕೇಳುತ್ತದೆ. ಬದಲಾಗುವುದು ಅದು ಮೊದಲೇ ಎಷ್ಟು ಅದುಮಿಕೊಂಡಿದೆ ಎಂಬುದು, ಅಂದರೆ ಪ್ರಿಲೋಡ್. ಒಂದು ಲೆಕ್ಕ ಹಾಕೋಣ. ಹಿಂದಿನ ಚಕ್ರ ಮೇಲೆ ಕೆಳಗೆ ಒಟ್ಟು 90 ಮಿ.ಮೀ. ಓಡಾಡಬಲ್ಲದು ಎಂದಿಟ್ಟುಕೊಳ್ಳಿ. ಒಬ್ಬನೇ ಕೂತಾಗ ಹಿಂಭಾಗ 25 ಮಿ.ಮೀ. ಇಳಿಯುತ್ತದೆ. ಹಿಂದೆ ಇನ್ನೊಬ್ಬರು ಕೂತರೆ ಅವರ ಭಾರ ಬಹುಪಾಲು ಹಿಂದಿನ ಚಕ್ರಕ್ಕೇ ಬೀಳುವುದರಿಂದ ಅದು 55ಕ್ಕೆ ಇಳಿಯಬಹುದು. ಗುಂಡಿ ನುಂಗಲು ಉಳಿದಿದ್ದು 35 ಮಿ.ಮೀ. ಅದು ಮುಗಿದೊಡನೆ ಶಾಕ್ ಒಳಗಿನ ರಬ್ಬರ್ ಸ್ಟಾಪ್‌ಗೆ ದಬ್ಬೆಂದು ಬಡಿಯುತ್ತದೆ. ಆ ಗಳಿಗೆಯಲ್ಲಿ ಬೈಕಿಗೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಹಿಂದಿನವರನ್ನು ಕೂಗಿಸುವುದು ಈ ಬಡಿತ. ಪ್ರಿಲೋಡ್ ಏರಿಸಿದರೆ ಬೈಕ್ ಮತ್ತೆ ಎತ್ತರಕ್ಕೆ ಬಂದು, ಕಳೆದುಕೊಂಡ ಓಡಾಟದಲ್ಲಿ ಒಂದಷ್ಟು ವಾಪಸ್ ಸಿಗುತ್ತದೆ.

ಇನ್ನೂ ಒಂದು ಲಾಭವಿದೆ. ಕೂತ ಮನುಷ್ಯನ ದೇಹ ಅತಿ ಹೆಚ್ಚು ನಲುಗುವುದು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಕುಲುಕಿದಾಗ. ಅದೇ ಸ್ಪ್ರಿಂಗಿನ ಮೇಲೆ ಭಾರ ಹೆಚ್ಚಿದಷ್ಟೂ ಕುಲುಕಾಟದ ವೇಗ ತಗ್ಗುತ್ತದೆ. ಆದ್ದರಿಂದ ಇಬ್ಬರ ಸವಾರಿ ಒಬ್ಬನ ಸವಾರಿಗಿಂತ ಹಿತವಾಗಿಯೇ ಇರಬೇಕು, ಶಾಕ್ ತಳ ಮುಟ್ಟದಿದ್ದರೆ!

ಸ್ಪ್ರಿಂಗ್ ಕೆಲಸ ಪೆಟ್ಟನ್ನು ಹಿಡಿದಿಡುವುದು ಮಾತ್ರ. ಹಿಡಿದಿದ್ದನ್ನು ಅದು ವಾಪಸ್ ಒದೆಯುತ್ತದೆ. ಆ ಒದೆತವನ್ನು ತಿನ್ನುವುದು ನಡುವಿನ ಕೊಳವೆಯೊಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಚಲನೆ ಶಾಖವಾಗಿ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ದೂರ ಓಡಿದ ಮೇಲೆ ಶಾಕ್ ಮುಟ್ಟಿ ನೋಡಿದರೆ ಬಿಸಿ ಹತ್ತಿರುವುದು ಇದರಿಂದಲೇ. ಸೀಲ್ ಹೋಗಿ ಎಣ್ಣೆ ಸೋರಿದ್ದರೆ ಹಿಂಭಾಗ ಒಂದು ಹಂಪಿಗೆ ನಾಲ್ಕು ಸಲ ಕುಪ್ಪಳಿಸುತ್ತದೆ. ಆಗ ಯಾವ ಸ್ಟೆಪ್ ಹಾಕಿದರೂ ಉಪಯೋಗವಿಲ್ಲ. ಹಳೆಯ ಶಾಕ್ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಹಂಪುಗಳದ್ದೂ ಪಾಲಿದೆ, ಬಿಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಲೆಂದೇ ಅದರ ಅಳತೆ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳಿಗೆ ಈ ಅಳತೆಯ ಗಾಳಿಯೂ ಸೋಕಿರುವುದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಅಚ್ಚಿನಿಂದ ಸೀಟಿನ ಹಿಡಿಕೆಯ ತನಕ ಟೇಪಿನಲ್ಲಿ ಅಳೆಯಿರಿ. ಬೈಕ್ ಇಳಿಸಿ, ಇಬ್ಬರೂ ಕೂತ ಮೇಲೆ ಇನ್ನೊಬ್ಬರಿಂದ ಅದೇ ಜಾಗ ಅಳೆಸಿ. ಚಕ್ರದ ಒಟ್ಟು ಓಡಾಟದಲ್ಲಿ ಮೂರನೇ ಒಂದು ಪಾಲಿಗಿಂತ ತೀರಾ ಹೆಚ್ಚು ಕುಗ್ಗಿದ್ದರೆ ಒಂದು ಸ್ಟೆಪ್ ಏರಿಸಿ, ಮತ್ತೆ ಅಳೆಯಿರಿ. ಸ್ಪ್ಲೆಂಡರ್‌ನಂಥ ಬೈಕಿಗೆ ಐದು ಸ್ಟೆಪ್ಪುಗಳಿವೆ, ಬಳೆಯನ್ನು ಕಚ್ಚಿ ತಿರುಗಿಸುವ ಕೊಕ್ಕೆಯಾಕಾರದ ಸ್ಪ್ಯಾನರ್ ಇದ್ದರೆ ಸಾಕು. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಇರಲಿ, ಎರಡು ಬದಿ ಬೇರೆ ಬೇರೆ ಸ್ಟೆಪ್ಪಿನಲ್ಲಿರುವ ಬೈಕುಗಳು ಊರ ತುಂಬ ಓಡುತ್ತಿವೆ. ಟೈರಿನ ಗಾಳಿಗೂ ಒಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು ಅಂಕಿಯನ್ನು ಕಂಪನಿಯವರೇ ಕೊಟ್ಟಿರುತ್ತಾರೆ. ಹಿತವಾಗಲೆಂದು ಗಾಳಿ ಇಳಿಸಿದರೆ ರಿಮ್ಮಿಗೆ ಪೆಟ್ಟು ಬೀಳುತ್ತದೆ.

ದಪ್ಪ ಫೋಮಿನ ಸೀಟ್, ಗ್ಯಾಸ್ ತುಂಬಿದ ದುಬಾರಿ ಶಾಕ್ ಇವೆಲ್ಲ ಆಮೇಲಿನ ಮಾತು. ಮೊದಲು ಬಳೆ ತಿರುಗಿಸಿ ನೋಡಿ, ಅದಕ್ಕೆ ಖರ್ಚಿಲ್ಲ. ಮತ್ತೆ ಒಬ್ಬರೇ ಓಡಿಸುವಾಗ ಹಳೆಯ ಸ್ಟೆಪ್ಪಿಗೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಕುಲುಕಾಟ ನಿಮ್ಮ ಪಾಲಿಗೆ ಬರುತ್ತದೆ.