‘ಚಿರಸ್ಮರಣೆ’ ಓದುವಾಗ: ಯಾರ ಒಕ್ಕಲು, ಯಾವ ಯುದ್ಧ?

ನಿರಂಜನರ ‘ಚಿರಸ್ಮರಣೆ’ (1955) ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟವರು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. ‘ಕನ್ನಡವೇ, ಆದ್ರೂ ಬೇರೆ ಊರಿನ ಕನ್ನಡ’ ಅನ್ನೋದು ಅವರ ದೂರು. ನನಗನ್ನಿಸೋದು, ಕಷ್ಟ ಕೊಡೋದು ಗೊತ್ತಿಲ್ಲದ ಪದಗಳಲ್ಲ, ಗೊತ್ತಿದೆ ಅಂದ್ಕೊಂಡ ಪದಗಳು.

‘ಒಕ್ಕಲು’ ತಗೊಳ್ಳಿ. ನಮ್ಮ ಅಗರ, ಯಳಂದೂರು ಕಡೆ ಒಕ್ಕಲುತನ ಅಂದ್ರೆ ಬೇಸಾಯ, ಅಷ್ಟೇ. ಕರಾವಳಿಯ ಕತೆಗಳಲ್ಲಿ ಒಕ್ಕಲು ಅಂದ್ರೆ ಧಣಿಯ ಭೂಮಿಯನ್ನು ಗೇಣಿಗೆ ಮಾಡುವವನು. (ಗೇಣಿಗೂ ಬೆರಳಿನ ಗೇಣಿಗೂ ಸಂಬಂಧ ಇಲ್ಲ, ಯಾರೋ ಕೇಳಿದ್ರು.) ಅದರಲ್ಲೂ ಎರಡು ಬಗೆ. ಮೂಲಗೇಣಿಯವನದು ಕಾಯಂ ಹಕ್ಕು. ಚಾಲಗೇಣಿಯವನನ್ನು ಧಣಿ ಮನಸ್ಸು ಮಾಡಿದರೆ ಎಬ್ಬಿಸಬಹುದಿತ್ತು. ಮಲಯಾಳ ಮಾತಾಡುವ ಕಯ್ಯೂರಿನಲ್ಲಿ ಈ ಧಣಿಯೇ ‘ಜನ್ಮಿ’. ಇಷ್ಟು ತಿಳಿದ ಮೇಲೆ, ರೈತ ಜನ್ಮಿಯ ಮುಂದೆ ಬಗ್ಗಿ ನಿಲ್ಲೋದು ಬರೀ ವಿನಯ ಅನ್ನಿಸಲ್ಲ. ಅವನ ಗದ್ದೆ ಉಳಿಯೋದೂ ಹೋಗೋದೂ ಜನ್ಮಿಯ ಒಂದು ಮಾತಿನಲ್ಲಿದೆ.

ಕಾದಂಬರಿಯ ಹಿಂದಿನ ಘಟನೆ ನಿಜವಾಗಿ ನಡೆದದ್ದು. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಸಿಕ್ಕಿದ ಒಬ್ಬ ಪೊಲೀಸ್ ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಐದನೆಯವನಿಗೆ ವಯಸ್ಸು ಚಿಕ್ಕದು ಅಂತ ಗಲ್ಲು ತಪ್ಪಿತು.

ಈ ಎರಡು ವರ್ಷಗಳ ನಡುವೆ ‘ಯುದ್ಧ’ ಅನ್ನೋ ಪದದ ಅರ್ಥವೇ ತಿರುಗಿಬಿಟ್ಟಿತ್ತು. 1941ರ ಮಾರ್ಚಿನಲ್ಲಿ ಕಮ್ಯುನಿಸ್ಟರಿಗೆ ಅದು ‘ಸಾಮ್ರಾಜ್ಯಶಾಹಿ ಯುದ್ಧ’, ಅವರ ಪಕ್ಷಕ್ಕೆ ನಿಷೇಧ. ಜೂನ್‌ನಲ್ಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದ. ಆಮೇಲೆ ಅದೇ ಯುದ್ಧ ‘ಜನತಾ ಯುದ್ಧ’ ಆಯ್ತು, 1942ರಲ್ಲಿ ನಿಷೇಧವೂ ಹೋಯ್ತು. ಅಂದ್ರೆ, ಸರ್ಕಾರದ ಯುದ್ಧಕ್ಕೆ ಪಕ್ಷ ಬೆಂಬಲ ಕೊಡ್ತಿದ್ದಾಗಲೇ ಅದೇ ಸರ್ಕಾರ ಕಯ್ಯೂರಿನ ನಾಲ್ವರನ್ನು ನೇಣಿಗೆ ಹಾಕಿತು. ಇದು ಗೊತ್ತಿಲ್ಲದೆ ಓದಿದರೆ ಗಲ್ಲಿನ ಭಾಗದ ಅರ್ಧ ಭಾರ ಕೈಗೆ ಸಿಗಲ್ಲ.

ಇನ್ನು ಅಧಿಕಾರಿಗಳ ಹೆಸರು. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಕೊಳ್ಳೇಗಾಲವೂ ಅಷ್ಟೇ, 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮಾತ್ರ ಮಹಾರಾಜರ ಮೈಸೂರು. ಮದ್ರಾಸಿನಲ್ಲಿ ತಾಲ್ಲೂಕಿಗೆ ತಹಶೀಲ್ದಾರ್, ಜಿಲ್ಲೆಗೆ ಕಲೆಕ್ಟರ್. ಮೈಸೂರಿನಲ್ಲಿ ಅಮಲ್ದಾರ್, ಡೆಪ್ಯುಟಿ ಕಮಿಷನರ್. ಕತೆಯಲ್ಲಿ ಅಮಲ್ದಾರರು ಬಂದರೆ ಅದು ಮೈಸೂರು ಸೀಮೆ ಅಂತ ಆಗಲೇ ಹೇಳಿಬಿಡಬಹುದು.

ಆ ಕಾಲದ ಕತೆಗಳಲ್ಲಿ ಸಿಗುವ ‘ಕಂಟ್ರೋಲ್’, ‘ಕಾಳಸಂತೆ’ಗಳಿಗೆ ನಿಘಂಟು ಸಾಲದು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಕಾಳು, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ತತ್ವಾರ. ಊರಿಗೆ ಹೋದಾಗ ತೊಂಬತ್ತರ ಹತ್ತಿರದ ಅಜ್ಜಿ ಯಾರಾದ್ರೂ ಇದ್ದರೆ ‘ಕಂಟ್ರೋಲ್ ಕಾಲ ಹೆಂಗಿತ್ತು ಅಜ್ಜಿ?’ ಅಂತ ಕೇಳಿ, ಫೋನ್ ರೆಕಾರ್ಡಿಗೆ ಹಾಕ್ಕೊಂಡೇ ಕೇಳಿ.