ಪಟಾಕಿಯ ಸದ್ದೂ ನಾಯಿಯ ಕಿವಿಯೂ

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಒಂದು ಬಲಿಪಾಡ್ಯಮಿಯ ಸಂಜೆ ನಮ್ಮ ಮನೆಯ ನಾಯಿ ಸರಪಳಿ ಕಿತ್ತುಕೊಂಡು ಹೊಲಗಳ ಕಡೆಗೆ ಓಡಿಹೋಯಿತು. ಸುಗ್ಗಿಯಲ್ಲಿ ರಾತ್ರಿಯೆಲ್ಲ ಒಂಟಿಯಾಗಿ ಕಣ ಕಾಯುತ್ತಿದ್ದ ಪ್ರಾಣಿ ಅದು. ಮೂರನೆಯ ದಿನ ಕೊರಳಿನ ಗಾಯದೊಡನೆ ಹಿಂದಿರುಗಿತು. ಇಂತಹ ಧೈರ್ಯಶಾಲಿಯು ಪಟಾಕಿಗೇಕೆ ಹೆದರಬೇಕು? ಉತ್ತರದ ಅರ್ಧಭಾಗವಾದರೂ ಶಬ್ದದ ಸ್ವಭಾವದಲ್ಲಿಯೇ ಇದೆ.

ಮಾನವನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ನಾಯಿಗಾದರೋ ಸುಮಾರು 45,000ದವರೆಗೆ. ಪಟಾಕಿಯ ಮದ್ದು ಕ್ಷಣಮಾತ್ರದಲ್ಲಿ ಉರಿದು ಅನಿಲವಾಗಿ ಹಿಗ್ಗುವುದರಿಂದ ಗಾಳಿಯ ಒತ್ತಡ ಥಟ್ಟನೆ ಏರಿ ಇಳಿಯುತ್ತದೆ. ಇಷ್ಟು ಹ್ರಸ್ವವಾದ ಮಿಡಿತದಲ್ಲಿ ಒಂದೇ ಸ್ವರವಿರುವುದಿಲ್ಲ. ಮಂದ್ರದಿಂದ ಹಿಡಿದು ನಮ್ಮ ಶ್ರವಣಕ್ಕೆ ನಿಲುಕದ ತಾರದವರೆಗಿನ ಕಂಪನಗಳು ಬೆರೆತಿರುತ್ತವೆ. ಹತ್ತಿರದ ಸಿಡಿತದಲ್ಲಿ ನಮಗೆ ಕೇಳಿಸದ ಭಾಗವೂ ನಾಯಿಗೆ ಕೇಳಿಸುತ್ತದೆ.

ಇದಕ್ಕಿಂತ ಮುಖ್ಯವಾದುದು ಸದ್ದಿನ ಆಕಸ್ಮಿಕತೆ. ದೊಡ್ಡ ಶಬ್ದ ಬಿದ್ದೊಡನೆ ಕಿವಿಯೊಳಗಿನ ಪುಟ್ಟ ಸ್ನಾಯುಗಳು ಬಿಗಿದುಕೊಂಡು ಅದನ್ನು ಕೊಂಚ ತಗ್ಗಿಸುತ್ತವೆ. ಆದರೆ ಹಾಗೆ ಬಿಗಿಯಲು ಸೆಕೆಂಡಿನ ನೂರನೆಯ ಭಾಗಗಳು ಕೆಲವಾದರೂ ಬೇಕು. ಪಟಾಕಿಯ ಮಿಡಿತವೋ ಸಾವಿರದ ಕೆಲವು ಭಾಗಗಳಲ್ಲಿಯೇ ಮುಗಿಯುತ್ತದೆ. ಅಗುಳಿ ಹಾಕುವ ಮೊದಲೇ ಕಳ್ಳ ಒಳಹೊಕ್ಕಂತೆ! ಮೇಲಾಗಿ ಬತ್ತಿಗೆ ಕಿಡಿ ಮುಟ್ಟಿಸಿದ ನಮಗೆ ಮುಂದಿನ ಸದ್ದು ಯಾವಾಗ ಎಂಬುದು ಗೊತ್ತು, ನಾಯಿಗೆ ಗೊತ್ತಿಲ್ಲ.

ಹಾಗಾದರೆ ಮಾಡಬಹುದಾದುದೇನು? ಪಟಾಕಿಯ ಸದ್ದು 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದೆಂದು ಭಾರತ ಸರ್ಕಾರ 1999ರಲ್ಲಿ ನಿಯಮಿಸಿತು. ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. 4 ಮೀಟರಿನಿಂದ 64 ಮೀಟರಿಗೆ ನಾಲ್ಕು ಬಾರಿ ಇಮ್ಮಡಿಸಿದರೂ ಉಳಿಯುವುದು 101. ಆದುದರಿಂದ ಬೀದಿಯ ಆ ಕೊನೆಯಲ್ಲಿ ಹೊಡೆದರಾಯಿತೆಂಬ ಸಮಾಧಾನ ಸಲ್ಲದು; ಗೋಡೆಯ ಆಸರೆ ಬೇಕು. ಗೋಡೆ ಭಾರವಾದಷ್ಟೂ ಶಬ್ದವನ್ನು ಹೆಚ್ಚು ತಡೆಯುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆಯ ಹಳೆಯ ಮಣ್ಣಿನ ಮಾಳಿಗೆಮನೆಯ ನಡುಮನೆಯು ತಗಡು ಹೊದಿಸಿದ ಹೊಸ ಮನೆಗಿಂತ ಎಷ್ಟೋ ಮೇಲು. ಆದರೂ ಮಂದ್ರದ ಗುಡುಗು ಗೋಡೆಯನ್ನು ದಾಟಿ ಬರುತ್ತದೆ. ಅದನ್ನು ಮರೆಸಲು ಬೀಸಣಿಗೆಯ ಮೊರೆತವೋ ರೇಡಿಯೋದ ಹಾಡೋ ಎಡೆಬಿಡದೆ ಕೇಳುತ್ತಿದ್ದರೆ ಒಳ್ಳೆಯದು.

ಹಬ್ಬಕ್ಕೆ ಹಲವು ವಾರ ಮೊದಲೇ ಪಟಾಕಿಯ ಧ್ವನಿಮುದ್ರಣವನ್ನು ಅತಿ ಮೆಲ್ಲಗೆ ಕೇಳಿಸುತ್ತ, ತಿನಿಸು ಕೊಡುತ್ತ, ದಿನದಿನಕ್ಕೆ ತುಸುವೇ ಏರಿಸಿ ಅಭ್ಯಾಸ ಮಾಡಿಸುವುದುಂಟು. ಇದು ಫಲಕಾರಿಯೇ. ಆದರೆ ಮೊಬೈಲಿನ ಪುಟ್ಟ ಧ್ವನಿವರ್ಧಕದಿಂದ ಆ ಮಂದ್ರದ ಬಡಿತ ಹೊರಡುವುದಿಲ್ಲ. ದೊಡ್ಡ ಪೆಟ್ಟಿಗೆಯ ಧ್ವನಿವರ್ಧಕವೇ ಬೇಕು. ನಾಯಿ ಬೆದರಿದರೆ ಒಡನೆಯೇ ನಿಲ್ಲಿಸತಕ್ಕದ್ದು.

ಹೆದರಿದ ನಾಯಿಯನ್ನು ಮುದ್ದಿಸಿದರೆ ಅಂಜಿಕೆ ಬೆಳೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ತಾನಾಗಿ ಬಳಿಗೆ ಬಂದರೆ ಸವರಬಹುದು, ಮೂಲೆ ಸೇರಿದರೆ ಎಳೆದು ತರಬಾರದು. ಸರಪಳಿಯಲ್ಲಿ ಕಟ್ಟುವುದು ಎಲ್ಲಕ್ಕಿಂತ ಅಪಾಯಕರ. ಮನುಷ್ಯರ ನಿದ್ರೆಮಾತ್ರೆ ಸರ್ವಥಾ ಕೂಡದು. ತೀವ್ರವಾಗಿ ನಡುಗುವ ನಾಯಿಗೆ ಪಶುವೈದ್ಯರು ತಕ್ಕ ಔಷಧ ಕೊಡಬಲ್ಲರು. ಪಾಡ್ಯಮಿಯಂದು ಪೂಜೆಗೊಂಡ ದನಗಳ ಕೊಟ್ಟಿಗೆಯ ಮುಂದೆಯೇ ಸರ ಹಚ್ಚುವವರನ್ನೂ ಕಂಡಿದ್ದೇವೆ. ಕಣ್ಣಿಯಲ್ಲಿ ಕಟ್ಟಿದ ಎತ್ತಿಗೆ ಓಡಲೂ ದಾರಿಯಿಲ್ಲ.

ಮರುವರ್ಷ ಹೊತ್ತು ಮುಳುಗುವ ಮೊದಲೇ ನಮ್ಮ ನಾಯಿಯನ್ನು ಅಡ್ಡಾಡಿಸಿ ತಂದು, ಸರಪಳಿ ಬಿಚ್ಚಿ ನಡುಮನೆಯಲ್ಲಿ ಬಿಟ್ಟು ರೇಡಿಯೋ ಹಚ್ಚಿದೆವು. ಮಂಚದಡಿಯಲ್ಲಿ ನಡುಗುತ್ತಲೇ ಇದ್ದಿತು. ಆದರೆ ಒಂಬತ್ತರ ಹೊತ್ತಿಗೆ ಹೊರಬಂದು ಹೋಳಿಗೆ ತಿಂದಿತು.